ಎಎ, ಸ್ಮಾರ್ಟ್ ಅಥವಾ ಇನ್ನೊಂದು: ಕುಡಿತ ಬಿಡಲು ಯಾವ ಮೀಟಿಂಗ್‌ಗೆ ಹೋಗಬೇಕು?

ಕುಡಿತ ಬಿಡಬೇಕು, ಒಬ್ಬನೇ ಬಿಡಲು ಆಗುತ್ತಿಲ್ಲ, ಗುಂಪಿಗೆ ಹೋಗಿ ನೋಡೋಣ. ಈ ತೀರ್ಮಾನಕ್ಕೆ ಬರುವುದೇ ಎಷ್ಟೋ ಜನರಿಗೆ ವರ್ಷಗಳ ಕೆಲಸ. ಅಷ್ಟು ಮಾಡಿ ಫೋನ್ ತೆಗೆದು ಹುಡುಕಿದರೆ ಒಂದರ ಹಿಂದೊಂದು ಹೆಸರು ಬರುತ್ತವೆ: ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಸ್ಮಾರ್ಟ್ ರಿಕವರಿ, ಲೈಫ್‌ರಿಂಗ್, ರಿಕವರಿ ಧರ್ಮ. ಅದರಲ್ಲಿ ಓಪನ್ ಅಂತೆ, ಕ್ಲೋಸ್ಡ್ ಅಂತೆ, ಸ್ಟೆಪ್ ಮೀಟಿಂಗ್ ಅಂತೆ. ಎಲ್ಲ ಓದಿ ತಿಳಿದುಕೊಂಡು ಆಮೇಲೆ ಹೋಗೋಣ ಅಂತ ಮುಂದಕ್ಕೆ ಹಾಕುತ್ತೇವೆ. ಅಷ್ಟರಲ್ಲಿ ಇನ್ನೊಂದು ಬಾಟಲಿ ಖಾಲಿಯಾಗಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಯ ಹೆಸರು ನೋಡಿ ಆರಿಸಬೇಡಿ, ಅಲ್ಲಿ ಕೂತಿರುವ ಜನರನ್ನು ನೋಡಿ ಆರಿಸಿ. ಒಂದೇ ಎಎಯ ಎರಡು ಗುಂಪುಗಳು ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಹಾಗೆ ಇರಬಹುದು. ಒಂದರಲ್ಲಿ ನಗು, ಸಲುಗೆ, ಮೀಟಿಂಗ್ ಮುಗಿದ ಮೇಲೂ ಅರ್ಧ ಗಂಟೆ ಮಾತು. ಇನ್ನೊಂದರಲ್ಲಿ ಓದುವುದನ್ನು ಓದಿ, ಹೇಳುವುದನ್ನು ಹೇಳಿ ಎದ್ದು ಹೋಗುತ್ತಾರೆ. ಮುಂದಿನ ವಾರವೂ ಕಾಲು ಯಾವ ಕಡೆ ಎಳೆಯುತ್ತದೋ ಅದು ನಿಮ್ಮ ಗುಂಪು. ಹಾಗಂತ ಪದ್ಧತಿಗಳೆಲ್ಲ ಒಂದೇ ಅಂತಲ್ಲ. ವ್ಯತ್ಯಾಸ ಗೊತ್ತಿದ್ದರೆ ಮೊದಲು ಯಾವ ಬಾಗಿಲು ತಟ್ಟಬೇಕು ಅನ್ನುವುದು ಬೇಗ ಇತ್ಯರ್ಥವಾಗುತ್ತದೆ.

ಮೀಟಿಂಗ್‌ಗಿಂತ ಮೊದಲು ಡಾಕ್ಟರ್ ಬೇಕಾದವರು

ದಿನಾ ಜೋರಾಗಿ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಿಸಲು ಒಂದು ಗುಟುಕು ಹಾಕಲೇಬೇಕು ಅನ್ನುವವರು ದಯವಿಟ್ಟು ಏಕ್‌ದಂ ನಿಲ್ಲಿಸಬೇಡಿ. ಕುಡಿತಕ್ಕೆ ಒಗ್ಗಿಹೋದ ಮೆದುಳಿಗೆ ಅದು ಇದ್ದಕ್ಕಿದ್ದಂತೆ ಸಿಗದಿದ್ದರೆ ಕೊನೆಯ ಗುಟುಕಿನ 6ರಿಂದ 48 ಗಂಟೆಗಳ ಒಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳ ಹೊತ್ತಿಗೆ ಡೆಲಿರಿಯಮ್ ಟ್ರೆಮೆನ್ಸ್ ಕಾಣಿಸಿಕೊಳ್ಳಬಹುದು. ಆಗ ಜ್ವರ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಜೀವಕ್ಕೆ ಅಪಾಯವಾಗುವ ಸ್ಥಿತಿ ಇದು. ಯಾವ ಗುಂಪೂ ಇದಕ್ಕೆ ಔಷಧ ಕೊಡುವುದಿಲ್ಲ, ಕೊಡಲೂಬಾರದು. ಮೊದಲು ವೈದ್ಯರ ನಿಗಾದಲ್ಲಿ ಕುಡಿತ ಇಳಿಸಿ. ಮೀಟಿಂಗ್‌ಗೆ ಅದರ ಜೊತೆಗೋ ಆಮೇಲೋ ಹೋಗಬಹುದು.

ಎಎ

ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ. ಶುರು ಮಾಡಿದವರು ಇಬ್ಬರು: ಷೇರು ವ್ಯವಹಾರದ ಬಿಲ್ ವಿಲ್ಸನ್, ಸರ್ಜನ್ ಬಾಬ್ ಸ್ಮಿತ್. ಇಬ್ಬರೂ ಕುಡಿದು ಹಾಳಾದವರೇ. ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದರೆ ಆ ದಿನದ ಮಟ್ಟಿಗೆ ಇಬ್ಬರೂ ಉಳಿದುಕೊಳ್ಳುತ್ತಾರೆ ಅನ್ನುವುದು ಅವರು ಕಂಡುಕೊಂಡದ್ದು. ಇವತ್ತಿಗೂ ಎಎ ನಿಂತಿರುವುದು ಅದರ ಮೇಲೆಯೇ. ಈಗ ಸುಮಾರು 180 ದೇಶಗಳಲ್ಲಿ ಗುಂಪುಗಳಿವೆ. ಹತ್ತಿರದಲ್ಲಿ ಒಂದು ಮೀಟಿಂಗ್ ಸಿಗುವ ಸಾಧ್ಯತೆ ಬೇರೆ ಯಾವುದಕ್ಕಿಂತ ಇಲ್ಲಿ ಜಾಸ್ತಿ. ಎರಡು ಬಸ್ ಬದಲಿಸಿ ಹೋಗಬೇಕಾದ ಮೀಟಿಂಗ್ ಎಷ್ಟೇ ಚೆನ್ನಾಗಿದ್ದರೂ ಮಳೆ ಬಂದ ದಿನ ತಪ್ಪಿಹೋಗುತ್ತದೆ, ಅಲ್ವಾ?

ಮೀಟಿಂಗ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ನಡೆಸಿಕೊಡುವವರೂ ಸದಸ್ಯರೇ, ಮೇಲಿನಿಂದ ಬಂದ ಅಧಿಕಾರಿ ಅಲ್ಲ. ಶುರುವಿನಲ್ಲಿ ಎಎ ಅಂದರೆ ಏನು ಅಂತ ಒಂದು ಸಣ್ಣ ಪೀಠಿಕೆ ಓದುತ್ತಾರೆ. ಬಹಳ ಕಡೆ ಒಂದು ಪ್ರಾರ್ಥನೆಯೂ ಇರುತ್ತದೆ. ಆಮೇಲೆ "ಮೊದಲ ಸಲ ಬಂದವರು ಯಾರಾದರೂ ಇದ್ದೀರಾ?" ಅಂತ ಕೇಳುತ್ತಾರೆ. ಕೈ ಎತ್ತಲೇಬೇಕು ಅಂತಿಲ್ಲ. ಎತ್ತಿದರೆ ಒಂದು ಲಾಭ ಇದೆ: ಮೀಟಿಂಗ್ ಮುಗಿದ ಮೇಲೆ ಜನ ತಾವಾಗಿಯೇ ಬಂದು ಮಾತಾಡಿಸುತ್ತಾರೆ, ಫೋನ್ ನಂಬರ್ ಕೊಡುತ್ತಾರೆ.

ನಂತರ ಶೇರಿಂಗ್. ಒಬ್ಬೊಬ್ಬರಾಗಿ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಅಂತ ಶುರು ಮಾಡಿ ತಮ್ಮ ಕಥೆಯನ್ನೋ ಆ ವಾರದ ಪಾಡನ್ನೋ ಹೇಳಿಕೊಳ್ಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ "ನೀನು ಹೀಗೆ ಮಾಡಬೇಕಿತ್ತು" ಅನ್ನುವುದಿಲ್ಲ. ಹಾಗೆ ಪ್ರತಿಕ್ರಿಯಿಸುವುದಕ್ಕೆ ಅಲ್ಲಿ ಕ್ರಾಸ್‌ಟಾಕ್ ಅನ್ನುತ್ತಾರೆ. ಹೆಚ್ಚಿನ ಗುಂಪುಗಳಲ್ಲಿ ಅದಕ್ಕೆ ಅವಕಾಶ ಇಲ್ಲ. ಮನೆಯಲ್ಲಿ, ಆಫೀಸಿನಲ್ಲಿ ಬುದ್ಧಿಮಾತು ಕೇಳಿ ಕೇಳಿ ಸಾಕಾದವರಿಗೆ ಇದು ಎಂಥ ನೆಮ್ಮದಿ ಅಂತ ಅಲ್ಲಿ ಕೂತರೆ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಇದೇ ಕಿರಿಕಿರಿ. "ನಾನು ಸಮಸ್ಯೆ ಹೇಳಿದೆ, ಎಲ್ಲರೂ ಥ್ಯಾಂಕ್ಸ್ ಅಂದರು, ಅಷ್ಟೇ" ಅಂತ ಬೇಸರದಿಂದ ಬರುತ್ತಾರೆ. ನೀವು ಈ ಎರಡನೇ ಥರದವರಾದರೆ ಸ್ಮಾರ್ಟ್ ಭಾಗಕ್ಕೆ ಬೇಗ ಬನ್ನಿ.

ಸೇರಲು ಫೀಸ್ ಇಲ್ಲ, ಅರ್ಜಿ ಇಲ್ಲ. ಕುಡಿತ ನಿಲ್ಲಿಸುವ ಆಸೆ ಇದ್ದರೆ ಸದಸ್ಯರಾದ ಹಾಗೆಯೇ. ಕೊನೆಯಲ್ಲಿ ಒಂದು ಡಬ್ಬಿಯೋ ಚೀಲವೋ ಸುತ್ತು ಬರುತ್ತದೆ, ಅದು ಬಾಡಿಗೆ ಮತ್ತು ಪುಸ್ತಕದ ಖರ್ಚಿಗೆ. ಹೊಸಬರು ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೊರಗಿನವರು ದೇಣಿಗೆ ಕೊಡುತ್ತೇವೆ ಅಂದರೂ ಎಎ ತೆಗೆದುಕೊಳ್ಳುವುದಿಲ್ಲ.

ದೇವರ ಪ್ರಶ್ನೆ ಬಂದೇ ಬರುತ್ತದೆ. ಕುಡಿತ ಬಿಡಲು ಎಎ ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಹಲವು ಕಡೆ ಇದೆ, ನಮಗಿಂತ ದೊಡ್ಡ ಶಕ್ತಿಯೊಂದರ ಮಾತೂ ಇದೆ. ಆ ಶಕ್ತಿ ಯಾವುದು ಅನ್ನುವುದನ್ನು ಅವರವರಿಗೆ ಬಿಟ್ಟಿದ್ದಾರೆ. ಗುಂಪನ್ನೇ ಆ ಶಕ್ತಿ ಅಂದುಕೊಂಡು ವರ್ಷಗಟ್ಟಲೆ ಕುಡಿಯದೆ ಇರುವ ನಾಸ್ತಿಕರೂ ಇದ್ದಾರೆ. ಎಎ ಒಳಗೇ ಪ್ರಾರ್ಥನೆ ಇಲ್ಲದ ಸೆಕ್ಯುಲರ್ ಗುಂಪುಗಳೂ ಇವೆ. ಆದರೆ ಹೆಚ್ಚಿನ ಗುಂಪುಗಳಲ್ಲಿ ದೇವರ ಭಾಷೆ ಇರುತ್ತದೆ. ಅದನ್ನು ಕೇಳಿದ ಕೂಡಲೇ ಮೈ ಉರಿಯುವವರು ಅಲ್ಲೇ ಕೂತು ಹಲ್ಲು ಕಚ್ಚಬೇಕಾಗಿಲ್ಲ, ಬೇರೆ ದಾರಿಗಳಿವೆ.

ಎಎಯ ದೊಡ್ಡ ಬಲ ನನ್ನ ಕಣ್ಣಿಗೆ ಮೀಟಿಂಗ್‌ಗಿಂತ ಸ್ಪಾನ್ಸರ್. ಕುಡಿತ ಬಿಟ್ಟು ಒಂದಷ್ಟು ಕಾಲ ಆಗಿರುವ ಸದಸ್ಯರೊಬ್ಬರು ನಿಮ್ಮ ಜೊತೆ ಕೂತು ಹೆಜ್ಜೆಗಳನ್ನು ಮಾಡಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಕೈ ಬಾಟಲಿಯ ಕಡೆ ಹೋಗುವಾಗ ಫೋನ್ ಮಾಡಬಹುದಾದ ಮನುಷ್ಯ ಅವರು. ಸ್ಪಾನ್ಸರ್‌ಗೆ ಸಂಬಳ ಇಲ್ಲ, ಅವರು ಕೌನ್ಸೆಲರ್ ಅಲ್ಲ, ಡಾಕ್ಟರೂ ಅಲ್ಲ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವುದು ರೂಢಿ, ಅದು ಒಳ್ಳೆಯ ರೂಢಿ. ಯಾರು ಹೆಚ್ಚು ಚೆನ್ನಾಗಿ ಮಾತಾಡುತ್ತಾರೆ ಅಂತ ನೋಡಬೇಡಿ, ಯಾರು ಫೋನ್ ಎತ್ತುತ್ತಾರೆ ಅಂತ ನೋಡಿ. ಹೊಂದಿಕೆಯಾಗದಿದ್ದರೆ ಬದಲಿಸಬಹುದು.

ಸ್ಮಾರ್ಟ್ ರಿಕವರಿ

ಇದು 1994ರಿಂದ ನಡೆದುಕೊಂಡು ಬಂದಿರುವ ಪದ್ಧತಿ. ಇಲ್ಲಿ ಹೆಜ್ಜೆಗಳಿಲ್ಲ, ಸ್ಪಾನ್ಸರ್ ಇಲ್ಲ, ಪ್ರಾರ್ಥನೆ ಇಲ್ಲ. "ನಾನೊಬ್ಬ ಆಲ್ಕೊಹಾಲಿಕ್" ಅಂತ ಹೇಳಿಕೊಳ್ಳಬೇಕಾಗಿಯೂ ಇಲ್ಲ. ಯೋಚನೆ ಬದಲಾದರೆ ನಡವಳಿಕೆ ಬದಲಾಗುತ್ತದೆ ಅನ್ನುವ ಮನಶ್ಶಾಸ್ತ್ರದ ಚಿಕಿತ್ಸೆಯಿಂದ ಇದನ್ನು ಕಟ್ಟಿದ್ದಾರೆ. ಕೆಲಸ ನಾಲ್ಕು: ಬಿಡಬೇಕೆಂಬ ಮನಸ್ಸನ್ನು ಉಳಿಸಿಕೊಳ್ಳುವುದು, ಕುಡಿಯಬೇಕೆಂಬ ತುಡಿತವನ್ನು ನಿಭಾಯಿಸುವುದು, ಯೋಚನೆ ಮತ್ತು ಭಾವನೆಗಳನ್ನು ಹಿಡಿತದಲ್ಲಿಡುವುದು, ಬದುಕನ್ನು ಸಮತೋಲಕ್ಕೆ ತರುವುದು. ನಡೆಸಿಕೊಡುವವರು ತರಬೇತಿ ಪಡೆದಿರುತ್ತಾರೆ, ಆದರೆ ಅವರು ಕುಡಿತ ಬಿಟ್ಟವರೇ ಆಗಿರಬೇಕು ಅಂತಿಲ್ಲ.

ಮೀಟಿಂಗ್‌ನಲ್ಲಿ ಮಾತಿಗೆ ಮಾತು ಸೇರುತ್ತದೆ. ನೀವು ಹೇಳಿದ್ದಕ್ಕೆ ಪಕ್ಕದವರು ಪ್ರಶ್ನೆ ಕೇಳಬಹುದು, ತಮಗೆ ಕೆಲಸ ಮಾಡಿದ್ದನ್ನು ಹೇಳಬಹುದು. ಒಂದು ಹಾಳೆಯನ್ನು ನಾಲ್ಕು ಭಾಗ ಮಾಡುವ ಅಭ್ಯಾಸ ಇಲ್ಲಿ ಬಹಳ ಬಳಕೆಯಲ್ಲಿದೆ. ಕುಡಿದರೆ ಆಗುವ ಲಾಭ, ಕುಡಿದರೆ ಆಗುವ ನಷ್ಟ, ಬಿಟ್ಟರೆ ಲಾಭ, ಬಿಟ್ಟರೆ ನಷ್ಟ. ಮೊದಲ ಮನೆಯಲ್ಲಿ ಜನ ಬರೆಯುವುದನ್ನು ನೋಡಬೇಕು. "ನಿದ್ದೆ ಬರುತ್ತದೆ." "ನಾಲ್ಕು ಜನರ ಮಧ್ಯೆ ಮಾತು ಬರುತ್ತದೆ." ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಪ್ರತಿ ಸಾಲಿನ ಪಕ್ಕ ಇದು ಇವತ್ತಿನ ಮಟ್ಟಿಗೋ, ದೂರದ ವರೆಗೋ ಅಂತ ಗುರುತು ಹಾಕಿಸುತ್ತಾರೆ. ಬರೆದು ಮುಗಿದ ಮೇಲೆ ನೋಡಿದರೆ ಕುಡಿತದ ಲಾಭವೆಲ್ಲ ಆ ರಾತ್ರಿಗೆ ಮುಗಿಯುವಂಥದ್ದು, ನಷ್ಟವೆಲ್ಲ ವರ್ಷಗಟ್ಟಲೆ ಎಳೆಯುವಂಥದ್ದು ಅಂತ ತಮಗೆ ತಾವೇ ಕಾಣುತ್ತದೆ. ಬೇರೆಯವರು ನೂರು ಸಲ ಹೇಳಿದ್ದು ತಲೆಗೆ ಹೋಗದಿದ್ದರೂ ತಾವು ಬರೆದ ಹಾಳೆ ಹೋಗುತ್ತದೆ.

ಬಿಡಬೇಕೋ ಬೇಡವೋ ಅಂತ ಇನ್ನೂ ತೂಗುತ್ತಿರುವವರನ್ನೂ ಸ್ಮಾರ್ಟ್ ಒಳಗೆ ಬಿಟ್ಟುಕೊಳ್ಳುತ್ತದೆ. ಕುಡಿತ ಒಂದೇ ಅಲ್ಲದೆ ಜೂಜು, ಬೇರೆ ಮಾದಕ ಪದಾರ್ಥ ಎಲ್ಲದರ ಜನರೂ ಒಂದೇ ಕೋಣೆಯಲ್ಲಿರುತ್ತಾರೆ. ಕೊರತೆ ಎಲ್ಲಿದೆ ಅಂದರೆ, ಎಷ್ಟೋ ಊರುಗಳಲ್ಲಿ ಎದುರಾಬದುರು ಮೀಟಿಂಗ್ ಸಿಗುವುದಿಲ್ಲ, ಆನ್‌ಲೈನ್ ಒಂದೇ ಗತಿ. ಎರಡು ಮೀಟಿಂಗ್‌ಗಳ ನಡುವಿನ ದಿನಗಳಲ್ಲಿ ಕೈ ಹಿಡಿಯಲು ಸ್ಪಾನ್ಸರ್ ಥರ ಒಬ್ಬರು ಇರುವುದಿಲ್ಲ. ಹೋಂವರ್ಕ್ ಮಾಡುವ ಸ್ವಭಾವ ಇಲ್ಲದವರಿಗೂ ಕಷ್ಟವೇ.

ಉಳಿದವು, ಬೇಗನೆ

ವಿಮೆನ್ ಫಾರ್ ಸೊಬ್ರೈಟಿ 1975ರಲ್ಲಿ ಶುರುವಾದದ್ದು, ಹೆಂಗಸರಿಗಾಗಿ. 13 ಹೇಳಿಕೆಗಳ ಮೇಲೆ ನಡೆಯುತ್ತದೆ. ತಪ್ಪಿತಸ್ಥ ಭಾವ ಮೊದಲೇ ಹೊತ್ತುಕೊಂಡಿರುವ ಹೆಂಗಸಿಗೆ "ನಾನು ಅಶಕ್ತಳು" ಅಂತ ಒಪ್ಪಿಕೊಳ್ಳುವುದಕ್ಕಿಂತ ಆತ್ಮಗೌರವ ಕಟ್ಟಿಕೊಳ್ಳುವುದು ಮುಖ್ಯ ಅನ್ನುವುದು ಇದರ ನಿಲುವು. ಲೈಫ್‌ರಿಂಗ್ ದೇವರ ಮಾತಿಲ್ಲದ ಗುಂಪು. "ಈ ವಾರ ಹೇಗಿತ್ತು?" ಅನ್ನುವ ಒಂದೇ ಪ್ರಶ್ನೆಯ ಸುತ್ತ ಮೀಟಿಂಗ್ ನಡೆಯುತ್ತದೆ. ರಿಕವರಿ ಧರ್ಮ 2019ರದ್ದು. ಬುದ್ಧನ ಬೋಧನೆ ಅದರ ತಳಹದಿ, ಒಂದಷ್ಟು ಹೊತ್ತು ಧ್ಯಾನ, ಆಮೇಲೆ ಮಾತು.

ಮಾಡರೇಷನ್ ಮ್ಯಾನೇಜ್‌ಮೆಂಟ್ ಬೇರೆಯೇ ಜಾತಿ. ಕುಡಿತ ಪೂರ್ತಿ ಬಿಡುವುದಲ್ಲ, ಮಿತಿಯಲ್ಲಿಡುವುದು ಅದರ ಗುರಿ. ಶುರುವಿನಲ್ಲಿ 30 ದಿನ ಮುಟ್ಟದೆ ಇರಲು ಹೇಳುತ್ತಾರೆ. ಸಮಸ್ಯೆ ಇನ್ನೂ ಹಗುರವಾಗಿರುವವರಿಗೆ ಇದು ಸರಿ. ಕೈ ನಡುಗುವ ಹಂತ ತಲುಪಿದವರು "ಸ್ವಲ್ಪ ಕುಡಿದರೆ ತಪ್ಪೇನು" ಅನ್ನಲು ಇದನ್ನು ನೆಪ ಮಾಡಿಕೊಳ್ಳುವುದು ಅಪಾಯ.

ಹಾಗಾದರೆ ಯಾವುದು ಹೆಚ್ಚು ಕೆಲಸ ಮಾಡುತ್ತದೆ?

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2020ರ ಸಮೀಕ್ಷೆ 27 ಅಧ್ಯಯನಗಳನ್ನು, 10 ಸಾವಿರಕ್ಕೂ ಜಾಸ್ತಿ ಜನರನ್ನು ಒಟ್ಟಿಗೆ ಇಟ್ಟು ನೋಡಿತು. ಎಎ ಮತ್ತು ಎಎಗೆ ಜನರನ್ನು ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟವರು 100ಕ್ಕೆ 42. ಬೇರೆ ಮಾನಸಿಕ ಚಿಕಿತ್ಸೆ ಪಡೆದವರಲ್ಲಿ 35. ವ್ಯತ್ಯಾಸ ಇದೆ, ಆದರೆ ಒಂದು ಸುಲಭವಾಗಿ ಗೆದ್ದಿತು, ಇನ್ನೊಂದು ಸೋತಿತು ಅನ್ನುವಷ್ಟಲ್ಲ. ಅಲ್ಲಿ ಹೋಲಿಸಿದ್ದು ಎಎಯನ್ನು ಸ್ಮಾರ್ಟ್ ಮೀಟಿಂಗ್ ಜೊತೆಗೂ ಅಲ್ಲ. 2018ರ ಒಂದು ಅಮೆರಿಕನ್ ಅಧ್ಯಯನ ಹನ್ನೆರಡು ಹೆಜ್ಜೆಯ ಗುಂಪುಗಳನ್ನು ಸ್ಮಾರ್ಟ್, ಲೈಫ್‌ರಿಂಗ್, ವಿಮೆನ್ ಫಾರ್ ಸೊಬ್ರೈಟಿ ಜೊತೆ ಇಟ್ಟು ನೋಡಿತ್ತು. ಅಲ್ಲಿ ಫಲಿತಾಂಶಕ್ಕೆ ಹತ್ತಿರವಿದ್ದದ್ದು ಗುಂಪಿನಲ್ಲಿ ಎಷ್ಟು ತೊಡಗಿಸಿಕೊಂಡರು ಮತ್ತು ಪೂರ್ತಿ ಬಿಡುವ ಗುರಿ ಇತ್ತೇ ಅನ್ನುವುದು. ಬೋರ್ಡಿನ ಮೇಲಿನ ಹೆಸರಿಗಿಂತ ಅದೇ ಹೆಚ್ಚು ತೂಗಿತು. ನಾನು ಜನರನ್ನು ನೋಡಿ ಆರಿಸಿ ಅಂದದ್ದಕ್ಕೆ ಇದೂ ಒಂದು ಕಾರಣ.

ಮೀಟಿಂಗ್‌ನ ಬಗೆ

ಪಟ್ಟಿಯಲ್ಲಿ ಓಪನ್ ಅಂತ ಇದ್ದರೆ ಯಾರು ಬೇಕಾದರೂ ಹೋಗಬಹುದು: ಹೆಂಡತಿ, ಅಣ್ಣ, ವಿದ್ಯಾರ್ಥಿ, ಸುಮ್ನೆ ನೋಡಲು ಬಂದವರು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಜೊತೆಗೆ ಯಾರಾದರೂ ಬಂದರೆ ಮಾತ್ರ ಧೈರ್ಯ ಅನ್ನುವವರು ಓಪನ್‌ಗೆ ಹೋಗಿ. ಗುಟ್ಟು ಹೊರಬಿದ್ದೀತು ಅನ್ನುವ ಭಯ ಇರುವವರಿಗೆ ಕ್ಲೋಸ್ಡ್ ಒಳ್ಳೆಯದು. ಅಲ್ಲಿ ಕೇಳಿದ್ದು ಅಲ್ಲೇ ಬಿಡಬೇಕು ಅನ್ನುವುದು ಎಲ್ಲ ಗುಂಪಿನ ಕಟ್ಟುಪಾಡು. ಆದರೂ ಅದು ನಂಬಿಕೆಯ ಮೇಲೆ ನಿಂತದ್ದು, ಕಾನೂನಿನ ಮೇಲಲ್ಲ. ಕೋರ್ಟು ಕಚೇರಿಯ ವಿಷಯ, ಕೆಲಸಕ್ಕೆ ಕುತ್ತು ತರುವ ವಿಷಯ ಇದ್ದರೆ ಅದನ್ನು ವಕೀಲರ ಹತ್ತಿರವೋ ಕೌನ್ಸೆಲರ್ ಹತ್ತಿರವೋ ಹೇಳಿ.

ಸ್ಪೀಕರ್ ಮೀಟಿಂಗ್‌ನಲ್ಲಿ ಒಬ್ಬರೋ ಇಬ್ಬರೋ ಪೂರ್ತಿ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮೊದಲ ಸಲ ಹೋಗುವ ಸಂಕೋಚದವರಿಗೆ ಇದಕ್ಕಿಂತ ಸುಲಭ ಬೇರೆ ಇಲ್ಲ, ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಸ್ಟೆಪ್ ಮೀಟಿಂಗ್ ಅಂದರೆ ಹನ್ನೆರಡು ಹೆಜ್ಜೆಗಳ ಬಗ್ಗೆ ಕೂತು ಮಾತಾಡುವ ಮೀಟಿಂಗ್, ಪಾಠದ ಥರ, ಅದನ್ನು ಸ್ವಲ್ಪ ದಿನ ಬಿಟ್ಟು ನೋಡಿ.

ಆನ್‌ಲೈನ್ ಮೀಟಿಂಗ್ ಬಗ್ಗೆ ನನಗೆ ಎರಡು ಮನಸ್ಸು. ಹತ್ತಿರ ಗುಂಪಿಲ್ಲದವರಿಗೆ, ಚಿಕ್ಕ ಮಕ್ಕಳನ್ನು ಬಿಟ್ಟು ಹೊರಡಲಾಗದವರಿಗೆ, ಗುರುತು ಸಿಕ್ಕೀತು ಅಂತ ಹೆದರುವವರಿಗೆ ಅದು ದೊಡ್ಡ ಆಸರೆ. ನಡುರಾತ್ರಿಯೂ ಎಲ್ಲೋ ಒಂದು ಮೀಟಿಂಗ್ ನಡೆಯುತ್ತಿರುತ್ತದೆ. ಆದರೆ ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಮಾಡಿ, ಇನ್ನೊಂದು ಕೈಯಲ್ಲಿ ಗ್ಲಾಸ್ ಹಿಡಿದು ಕೂರುವುದಕ್ಕೂ ಅಲ್ಲಿ ಯಾವ ತಡೆ ಇಲ್ಲ. ಸುತ್ತಮುತ್ತ ಒಂದಾದರೂ ಗುಂಪು ಇದ್ದರೆ ಮೊದಲು ಕಾಲಿಟ್ಟು ಹೋಗಿ, ಆನ್‌ಲೈನ್ ಅನ್ನು ಉಳಿದ ದಿನಗಳಿಗೆ ಇಟ್ಟುಕೊಳ್ಳಿ.

ಮನೆಯವರಿಗೆ ಬೇರೆಯೇ ಗುಂಪುಗಳಿವೆ. ಅಲ್-ಅನಾನ್ 1951ರಲ್ಲಿ ಶುರುವಾಯಿತು, ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಅದರ ಸ್ಥಾಪಕರಲ್ಲಿ ಒಬ್ಬರು. ಕುಡಿಯುವವರು ಬಿಡದಿದ್ದರೂ ನೀವು ಹೋಗಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಇದೆ. ಸ್ಮಾರ್ಟ್‌ನಲ್ಲೂ ಮನೆಯವರ ಮೀಟಿಂಗ್ ಇದೆ. "ಅವನನ್ನು ಬಿಡಿಸುವುದು ಹೇಗೆ" ಅಂತ ಕೇಳುತ್ತಾ ಅಲ್-ಅನಾನ್‌ಗೆ ಹೋದವರಿಗೆ ಮೊದಲಿಗೆ ನಿರಾಸೆ ಆಗಬಹುದು. ಅಲ್ಲಿ ಮಾತು ಅವನ ಬಗ್ಗೆ ಕಡಿಮೆ, ನಿಮ್ಮ ಬಗ್ಗೆ ಜಾಸ್ತಿ.

ಹುಡುಕುವುದು, ಒಳಗೆ ಹೋಗುವುದು

ಎಎಗೆ ಮೀಟಿಂಗ್ ಗೈಡ್ ಅನ್ನುವ ಉಚಿತ ಆ್ಯಪ್ ಇದೆ, ಬೇರೆ ಸಂಸ್ಥೆಗಳ ವೆಬ್‌ಸೈಟಿನಲ್ಲೂ ಹುಡುಕುವ ಪುಟ ಇರುತ್ತದೆ. ಡಿ-ಅಡಿಕ್ಷನ್ ಕೇಂದ್ರದವರು, ಮನೋವೈದ್ಯರು ಕೂಡ ಹೇಳುತ್ತಾರೆ. ಆದರೆ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಜಾಗ ಬದಲಾಗಿರುತ್ತದೆ, ಸಮಯ ಬದಲಾಗಿರುತ್ತದೆ. ಧೈರ್ಯ ಮಾಡಿ ಹೊರಟವರು ಬೀಗ ಹಾಕಿದ ಬಾಗಿಲು ನೋಡಿ ಹಾಗೇ ಬಾರ್ ಕಡೆ ತಿರುಗಿದರೆ ಯಾರನ್ನು ಬೈಯುವುದು? ಹಿಂದಿನ ದಿನ ಫೋನ್ ಮಾಡಿ. ಯಾವ ಭಾಷೆಯಲ್ಲಿ ನಡೆಯುತ್ತದೆ, ಯಾವ ಬಾಗಿಲಿನಿಂದ ಬರಬೇಕು, ಹೊಸಬರು ಬರಬಹುದಾ ಅಂತ ಕೇಳಿ. ಫೋನ್ ಎತ್ತಿದವರು ಮಾತಾಡುವ ರೀತಿಯಲ್ಲೇ ಗುಂಪಿನ ಅರ್ಧ ಗುಣ ಗೊತ್ತಾಗುತ್ತದೆ. ಎಷ್ಟೋ ಸಲ "ನಾನು ಬಾಗಿಲ ಹತ್ತಿರ ನಿಂತಿರ್ತೀನಿ, ಬನ್ನಿ" ಅನ್ನುತ್ತಾರೆ.

ಹತ್ತು ನಿಮಿಷ ಮೊದಲೇ ಹೋಗಿ. ತಡವಾಗಿ ಹೋದರೆ ಎಲ್ಲರ ಕಣ್ಣೂ ನಿಮ್ಮ ಮೇಲೆ ಬಿದ್ದ ಹಾಗೆ ಅನ್ನಿಸುತ್ತದೆ. ಸರದಿ ಬಂದಾಗ ಮಾತು ಬರದಿದ್ದರೆ "ನಾನು ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಸಾಕು, ಮುಂದಿನವರಿಗೆ ಹೋಗುತ್ತದೆ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮುಗಿದ ಕೂಡಲೇ ಓಡಬೇಡಿ. ಗುಂಪಿನ ನಿಜವಾದ ಮುಖ ಕಾಣುವುದು ಕುರ್ಚಿ ಮಡಚಿಡುವ ಆ ಹೊತ್ತಿನಲ್ಲಿ. ಯಾರಾದರೂ ಬಂದು ಮಾತಾಡಿಸಿದರಾ? ಹಳಬರು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ನಿಂತರಾ? ಒಂದೇ ಸಲಕ್ಕೆ ತೀರ್ಪು ಕೊಡಬೇಡಿ, ಒಂದೇ ಗುಂಪಿಗೆ ಮೂರ್ನಾಲ್ಕು ಸಲವಾದರೂ ಹೋಗಿ. ಜೊತೆಗೆ ಇನ್ನೊಂದು ಗುಂಪನ್ನೂ ನೋಡಿ. ಎಎ ಮತ್ತು ಸ್ಮಾರ್ಟ್ ಎರಡಕ್ಕೂ ಹೋಗುವವರು ಬೇಕಾದಷ್ಟು ಜನ ಇದ್ದಾರೆ, ಯಾರ ಅಪ್ಪಣೆಯೂ ಬೇಡ.

ಕೆಲವಕ್ಕೆ ಮಾತ್ರ ಮೂರ್ನಾಲ್ಕು ಸಲ ಕಾಯಬೇಡಿ, ಅವತ್ತೇ ಎದ್ದು ಬನ್ನಿ. ಹಣ ಕೊಡಲೇಬೇಕು ಅಂದರೆ. ಹೊಸದಾಗಿ ಬಂದ ಹೆಂಗಸಿನ ಹಿಂದೆ ಹಳಬನೊಬ್ಬ ಸುತ್ತುತ್ತಿದ್ದು ಉಳಿದವರು ಸುಮ್ಮನಿದ್ದರೆ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸು ಅಂದರೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಥರದ ಮಾತ್ರೆಗಳು ಕುಡಿತ ಬಿಡಲು ಅಂತಲೇ ಕೊಡುವಂಥವು. ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ಬಿಟ್ಟರಂತೂ ಅನಾಹುತ ಆಗಬಹುದು. ಸದಸ್ಯರು ಡಾಕ್ಟರ್ ಆಟ ಆಡಬಾರದು ಅಂತ ಎಎಯ ಕೈಪಿಡಿಯೇ ಹೇಳುತ್ತದೆ. ಆದರೂ ಅಲ್ಲಲ್ಲಿ ಒಬ್ಬರು ಸಿಗುತ್ತಾರೆ.

ಮಧ್ಯೆ ಒಂದು ದಿನ ಕುಡಿದುಬಿಟ್ಟರೆ? ಆ ವಾರದ ಮೀಟಿಂಗ್ ತಪ್ಪಿಸಬೇಡಿ. ಎಎಯಲ್ಲಿ ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ, ಹಾಗೆ ಹೇಳಿಕೊಂಡವರಿಗೆ ಚಪ್ಪಾಳೆಯೂ ಬೀಳುತ್ತದೆ. ಸ್ಮಾರ್ಟ್‌ನಲ್ಲಿ ಲೆಕ್ಕಕ್ಕಿಂತ ಆ ಹೊತ್ತಿಗೆ ಮೊದಲು ಏನಾಯಿತು, ಯಾವ ಯೋಚನೆ ಬಂತು ಅಂತ ಕೂತು ಬಿಡಿಸುತ್ತಾರೆ. ಅಮಲಿನಲ್ಲೇ ಹೋದರೂ ಹೆಚ್ಚಿನ ಕಡೆ ಓಡಿಸುವುದಿಲ್ಲ. ಹಿಂದೆ ಕೂತು ಕೇಳಿ, ಇವತ್ತು ಮಾತಾಡಬೇಡಿ ಅನ್ನುತ್ತಾರೆ. ಗಾಡಿ ಮಾತ್ರ ಓಡಿಸಿಕೊಂಡು ಹೋಗಬೇಡಿ. ಫೋನ್ ಮಾಡಿದರೆ ಗುಂಪಿನವರೇ ಯಾರಾದರೂ ಬಂದು ಕರೆದುಕೊಂಡು ಹೋಗಬಹುದು, ಕೇಳಿ ನೋಡಿ.